ನಡಾವಳಿ ಪುಸ್ತಕದಲ್ಲಿ ಏನು ಬರೆದಿದೆ?



ಹೊಲದ ಕೆಲಸ ಮುಗಿಸಿ, ದನಕ್ಕೆ ಮೇವು ಹಾಕಿ, ಒಲೆ ಆರಿಸಿ ಬಂದಿದ್ದೀರಿ. ದಣಿದಿದ್ದೀರಿ. ನಿಮ್ಮನ್ನು ಬಹಳ ಹೊತ್ತು ಕೂರಿಸುವುದಿಲ್ಲ.

ನೀವು ಈಗ ಅಕ್ಷರ ಕಲಿತಿದ್ದೀರಿ. ಬಸ್ಸಿನ ಬೋರ್ಡು ಓದುತ್ತೀರಿ. ಸಂಘದ ಪಾಸ್‌ಬುಕ್ಕಿನ ಲೆಕ್ಕ ನೋಡುತ್ತೀರಿ. ಇವತ್ತು ಇನ್ನೊಂದು ಪುಸ್ತಕದ ಮಾತು ಆಡೋಣ. ಆ ಪುಸ್ತಕ ಅಂಗಡಿಯಲ್ಲಿ ಸಿಗುವುದಿಲ್ಲ. ನಮ್ಮ ಗ್ರಾಮ ಪಂಚಾಯಿತಿ ಕಚೇರಿಯ ಬೀರುವಿನಲ್ಲಿ ಇದೆ. ಅದರ ಹೆಸರು ನಡಾವಳಿ ಪುಸ್ತಕ.

ಪಂಚಾಯಿತಿ ಸಭೆಯಲ್ಲಿ ಏನು ತೀರ್ಮಾನ ಆಯಿತು ಅಂತ ಅದರಲ್ಲಿ ಬರೆಯುತ್ತಾರೆ. ಯಾರಿಗೆ ಮನೆ, ಯಾವ ಬೀದಿಗೆ ದೀಪ, ಅಂಗನವಾಡಿಗೆ ನೀರಿನ ನಲ್ಲಿ ಯಾವಾಗ, ಕಸ ಎಲ್ಲಿ ಸುರಿಯಬೇಕು. ಎಲ್ಲವೂ ಅಲ್ಲಿ ಸೇರುತ್ತದೆ. ಅದನ್ನೇ ಠರಾವು ಅನ್ನುತ್ತಾರೆ. ನಿರ್ಣಯ ಅಂದರೂ ಅದೇ.

ಸಭೆಯಲ್ಲಿ ಎಷ್ಟೋ ಮಾತು ಆಡುತ್ತಾರೆ. "ಮಾಡಿಕೊಡೋಣ ಬಿಡಿ", "ಮುಂದಿನ ಸಲ ನಿಮ್ಮದೇ" ಅನ್ನುತ್ತಾರೆ. ಕೇಳೋದಕ್ಕೆ ಚೆನ್ನಾಗಿರುತ್ತೆ. ಆದರೆ ಆ ಮಾತು ಪುಸ್ತಕಕ್ಕೆ ಏರಿತೇ? ಏರದಿದ್ದರೆ ಅದು ತೀರ್ಮಾನವಲ್ಲ. ಮಾರನೇ ದಿನ ಕೇಳಿದರೆ "ಯಾರು ಹೇಳಿದ್ದು?" ಅನ್ನುತ್ತಾರೆ. ಪುಸ್ತಕದಲ್ಲಿ ಇದ್ದರೆ ಹಾಗೆ ಅನ್ನಲು ಬರುವುದಿಲ್ಲ.

ಮೊದಲು ಪಂಚಾಯಿತಿ ಅಂದರೆ ಯಾರು ಅಂತ ಸ್ವಲ್ಪ ನೋಡೋಣ.

ಹಿಂದಿನ ಕಾಲದಲ್ಲಿ ಊರಿನ ನಾಲ್ಕು ಜನ ದೊಡ್ಡವರು ಅರಳಿಕಟ್ಟೆಯ ಮೇಲೆ ಕೂತು ಹೇಳಿದ್ದೇ ಪಂಚಾಯಿತಿ ಆಗಿತ್ತು. ಹೆಂಗಸರು ಅತ್ತ ಸುಳಿಯುವಂತಿರಲಿಲ್ಲ. ಕೇರಿಯವರು ದೂರ ನಿಂತು ಕೈಕಟ್ಟಿ ಕೇಳಬೇಕಿತ್ತು. ಇದನ್ನು ಬದಲಿಸಲು ಕರ್ನಾಟಕದಲ್ಲಿ 1983ರಲ್ಲಿ ಒಂದು ಕಾನೂನು ತಂದರು. ಆಗ ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದರು. ಊರೂರಿಗೆ ಬೋರ್‌ವೆಲ್ ಕೊರೆಸಿದವರು. ಜನ ಅವರನ್ನು ಪ್ರೀತಿಯಿಂದ ನೀರು ಸಾಬ್ ಅಂತ ಕರೆದರು. ಆ ಕಾನೂನಿನ ಪ್ರಕಾರ 1987ರಲ್ಲಿ ಚುನಾವಣೆ ನಡೆಯಿತು. ನೂರರಲ್ಲಿ 25 ಸ್ಥಾನ ಹೆಂಗಸರಿಗೆ ಅಂತ ಇಟ್ಟರು. ಆಮೇಲೆ 1993ರಲ್ಲಿ ಇಡೀ ದೇಶಕ್ಕೇ ಸಂವಿಧಾನದಲ್ಲಿ ಪಂಚಾಯಿತಿಗೆ ಜಾಗ ಸಿಕ್ಕಿತು. ಅದೇ ವರ್ಷ ನಮ್ಮ ರಾಜ್ಯದಲ್ಲೂ ಹೊಸ ಕಾನೂನು ಬಂತು. ಈಗ ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಂಗಸರದು. ಸುಮಾರು 400 ಜನಕ್ಕೆ ಒಬ್ಬ ಸದಸ್ಯರು.

ಅರ್ಧ ಸ್ಥಾನ ಸಿಕ್ಕಿತು, ಸರಿ. ಕುರ್ಚಿಯ ಮೇಲೆ ಕೂರುವವರು ಯಾರು? ಎಷ್ಟೋ ಕಡೆ ಅಧ್ಯಕ್ಷೆ ಮನೆಯಲ್ಲಿ ರೊಟ್ಟಿ ತಟ್ಟುತ್ತಾರೆ, ಅವರ ಗಂಡ ಕಚೇರಿಯಲ್ಲಿ ಕೂತಿರುತ್ತಾರೆ. ಪುಸ್ತಕ ಮನೆಗೆ ಬರುತ್ತದೆ, ಅಧ್ಯಕ್ಷೆ ಒಲೆ ಮುಂದೆ ಸಹಿ ಹಾಕುತ್ತಾರೆ. ಇದು ನಿಮಗೂ ಗೊತ್ತು, ನಮಗೂ ಗೊತ್ತು. ನಗಬೇಡಿ. ಆ ಅಕ್ಕನಿಗೆ ಓದಲು ಬಂದರೆ ಅರ್ಧ ಕೆಲಸ ಆಯಿತು. ಇನ್ನರ್ಧ ಕೆಲಸ ನಮ್ಮದು. ನಾವು ಅವರ ಗಂಡನನ್ನು ಕೇಳಬಾರದು, ಅವರನ್ನೇ ಕೇಳಬೇಕು.

ಈಗ ಪುಸ್ತಕ ಬಿಡಿಸೋಣ. ಒಂದು ಠರಾವು ಹೇಗಿರುತ್ತೆ ಅಂತ ತಿಳಿಯಲು ಒಂದು ಮಾದರಿಯನ್ನು ನಾವೇ ಬರೆದು ತಂದಿದ್ದೇವೆ. ಗಟ್ಟಿಯಾಗಿ ಓದಿ:

"ವಿಷಯ 4. ಅಂಗನವಾಡಿ ಕೇಂದ್ರಕ್ಕೆ ಶೌಚಾಲಯ ಕಟ್ಟಿಸುವ ಬಗ್ಗೆ. ಸದರಿ ವಿಷಯವನ್ನು ಸಭೆಯಲ್ಲಿ ಚರ್ಚಿಸಲಾಯಿತು. ಮುಂದಿನ ದಿನಗಳಲ್ಲಿ ಪರಿಶೀಲಿಸಲು ತೀರ್ಮಾನಿಸಲಾಯಿತು."

ಓದಿದಿರಾ? ಶೌಚಾಲಯ ಕಟ್ಟಿಸುತ್ತಾರೋ, ಇಲ್ಲವೋ?

ಗೊತ್ತಾಗಲಿಲ್ಲ ಅಲ್ಲವೇ? ಗೊತ್ತಾಗದಂತೆಯೇ ಬರೆದಿದೆ. "ಪರಿಶೀಲಿಸಲು" ಅಂದರೆ ನೋಡೋಣ ಅಂತ. "ಮುಂದಿನ ದಿನಗಳಲ್ಲಿ" ಅಂದರೆ ಯಾವತ್ತು? ನಾಳೆಯೂ ಮುಂದಿನ ದಿನವೇ, ಹತ್ತು ವರ್ಷ ಆದ ಮೇಲೂ ಮುಂದಿನ ದಿನವೇ. ಈ ಠರಾವಿನಿಂದ ಒಂದು ಇಟ್ಟಿಗೆಯೂ ಏಳುವುದಿಲ್ಲ. ಆದರೆ ಸಭೆ ನಡೆದದ್ದಕ್ಕೆ ಲೆಕ್ಕ ಸಿಕ್ಕಿತು.

ಇನ್ನೊಂದು ಓದಿ:

"ವಿಷಯ 4. ಅಂಗನವಾಡಿ ಕೇಂದ್ರಕ್ಕೆ ಶೌಚಾಲಯ ಕಟ್ಟಿಸುವ ಬಗ್ಗೆ. ಈ ವರ್ಷದ ಪಂಚಾಯಿತಿ ಅನುದಾನದಲ್ಲಿ ಹಣ ಇಟ್ಟು, ಮೂರು ತಿಂಗಳ ಒಳಗೆ ಕಾಮಗಾರಿ ಮುಗಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು."

ಇದರಲ್ಲಿ ಹಣ ಎಲ್ಲಿಂದ ಅಂತ ಇದೆ. ಯಾವಾಗ ಮುಗಿಯಬೇಕು ಅಂತ ಇದೆ. ಕೆಳಗೆ ಸೂಚಕರು, ಅನುಮೋದಕರು ಅಂತ ಎರಡು ಹೆಸರು ಇರುತ್ತವೆ. ಸೂಚಕರು ಅಂದರೆ ಹೀಗೆ ಮಾಡೋಣ ಅಂತ ಹೇಳಿದವರು. ಅನುಮೋದಕರು ಅಂದರೆ ಹೂಂ, ಸರಿ ಅಂದವರು. ಮೂರು ತಿಂಗಳಾದರೂ ಶೌಚಾಲಯ ಬರದಿದ್ದರೆ ಯಾರ ಮನೆ ಬಾಗಿಲಿಗೆ ಹೋಗಬೇಕು ಅಂತ ಪುಸ್ತಕವೇ ಹೇಳುತ್ತದೆ.

ಕಚೇರಿಯ ಕೆಲವು ಮಾತುಗಳ ಅರ್ಥ ತಿಳಿದುಕೊಳ್ಳಿ. "ಮುಂದೂಡಲಾಯಿತು" ಅಂದರೆ ಈಗ ಬೇಡ, ಆಮೇಲೆ. "ಕೈಬಿಡಲಾಯಿತು" ಅಂದರೆ ಆಗುವುದಿಲ್ಲ, ಮುಗಿಯಿತು. "ಶಿಫಾರಸು ಮಾಡಲಾಯಿತು" ಅಂದರೆ ನಮ್ಮ ಕೈಯಲ್ಲಿ ಇಲ್ಲ, ಮೇಲಿನವರಿಗೆ ಬರೆದಿದ್ದೇವೆ. "ಸರ್ವಾನುಮತ" ಅಂದರೆ ಎಲ್ಲರೂ ಒಪ್ಪಿದರು. ಬೇಡ ಅಂದ ಸದಸ್ಯರು ಇದ್ದೂ ಸರ್ವಾನುಮತ ಅಂತ ಬರೆದರೆ, ಆ ಸದಸ್ಯರು "ನನ್ನ ವಿರೋಧ ಬರೆಯಿರಿ" ಅಂತ ಅಲ್ಲೇ ಕೇಳಬೇಕು.

ಇನ್ನು ಮನೆಯ ವಿಷಯ. ಇದನ್ನು ನಿಧಾನವಾಗಿ ಹೇಳುತ್ತೇವೆ. ಪಂಚಾಯಿತಿಗೆ ಜನ ಹೆಚ್ಚಾಗಿ ಅಲೆಯುವುದು ಮನೆಗಾಗಿಯೇ.

ಬಡವರಿಗೆ ಮನೆ ಕೊಡುವ ಯೋಜನೆಗಳು ಹಲವು ಬಂದವು. ಆಶ್ರಯ ಅಂತ ಬಂತು. ಇಂದಿರಾ ಆವಾಸ್ ಅಂತ ಬಂತು, ಅದು 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಆಯಿತು. ಬಸವ ವಸತಿ, ಅಂಬೇಡ್ಕರ್ ನಿವಾಸ್ ಅಂತ ಬಂದವು. ಹೆಸರು ಬದಲಾಗುತ್ತದೆ, ಕೊಡುವ ಹಣ ಬದಲಾಗುತ್ತದೆ. ಒಂದು ಮಾತ್ರ ಬದಲಾಗಿಲ್ಲ. ಮನೆ ಹತ್ತು ಬಂದರೆ ಕೇಳುವವರು ಐವತ್ತು ಜನ. ಹತ್ತು ಜನ ಯಾರು ಅಂತ ಆರಿಸಬೇಕು.

ಆರಿಸುವವರು ಯಾರು? ಅಧ್ಯಕ್ಷರೇ? ಪಿಡಿಓ ಅವರೇ? ಅಲ್ಲ. ಮೊದಲು ವಾರ್ಡ್ ಸಭೆಯಲ್ಲಿ ನಮ್ಮ ನಮ್ಮ ಬೀದಿಯವರೆಲ್ಲ ಕೂತು ಹೆಸರು ಹೇಳಬೇಕು. ಆಮೇಲೆ ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಓದಬೇಕು. ದಿಲ್ಲಿಯ ಲೆಕ್ಕದಿಂದ ಬಂದ ಪಟ್ಟಿಯಾದರೂ ಊರಿನ ಮುಂದೆ ಇಟ್ಟು ಸರಿ ನೋಡಬೇಕು. ಗ್ರಾಮಸಭೆ ಅಂದರೆ ಸದಸ್ಯರ ಸಭೆ ಅಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಅದಕ್ಕೆ ಸೇರಿದವರು. ನೀವು, ನಾವು, ಎಲ್ಲರೂ. ಆರು ತಿಂಗಳಿಗೆ ಒಂದು ಸಲವಾದರೂ ಅದು ಸೇರಲೇಬೇಕು. ಮತದಾರರಲ್ಲಿ ಹತ್ತನೇ ಒಂದು ಪಾಲು, ಇಲ್ಲವೇ 100 ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನವಾದರೂ ಇರಬೇಕು. ಇದಕ್ಕೆ ಕೋರಂ ಅನ್ನುತ್ತಾರೆ. ಕೋರಂ ಇಲ್ಲದೆ ಮಾಡಿದ ಪಟ್ಟಿ ಸರಿಯಾದ ಪಟ್ಟಿ ಅಲ್ಲ.

ಇಲ್ಲೇ ಇರುವುದು ಮರ್ಮ. ಜನ ಬರದಿದ್ದರೆ ಸಹಿ ಮನೆಗೆ ಬರುತ್ತದೆ.

ನಾವು ಕಂಡ ಒಂದು ಊರಿನ ಕತೆ ಹೇಳುತ್ತೇವೆ. ಊರಿನ ಹೆಸರು ಬೇಡ. ಒಂದು ದಿನ ಬೆಳಿಗ್ಗೆ ಹಾಲಿನ ಡೇರಿ ಮುಂದೆ ಹೆಂಗಸರು ಕ್ಯಾನು ಹಿಡಿದು ನಿಂತಿದ್ದರು. ಪಂಚಾಯಿತಿ ಕಡೆಯ ಹುಡುಗ ಒಬ್ಬ ಉದ್ದನೆಯ ಪುಸ್ತಕ ತಂದ. "ಅಕ್ಕಾ, ಇಲ್ಲೊಂದು ಸಹಿ ಹಾಕಿ. ಏನಿಲ್ಲ, ಸುಮ್ಮನೆ" ಅಂದ. ಇಬ್ಬರು ಹಾಕಿದರು. ಮೂರನೆಯವಳು ನಮ್ಮ ಕೇಂದ್ರದಲ್ಲಿ ಕಲಿತವಳು. ಕ್ಯಾನು ಕೆಳಗೆ ಇಟ್ಟಳು. ಪುಸ್ತಕದ ತಲೆಬರಹದ ಮೇಲೆ ಬೆರಳು ಇಟ್ಟು ಅಕ್ಷರ ಕೂಡಿಸಿ ಓದಿದಳು. ಗ್ರಾ-ಮ-ಸ-ಭೆ. ಹಾ-ಜ-ರಾ-ತಿ.

"ಗ್ರಾಮಸಭೆ ಯಾವತ್ತು ಆಯ್ತಪ್ಪಾ?"

"ಆಗುತ್ತೆ ಬಿಡಕ್ಕಾ."

"ಆದಾಗ ಬಂದು ಹಾಕ್ತೀನಿ."

ಅವಳು ಅಷ್ಟೇ ಹೇಳಿದ್ದು. ಜಗಳ ಆಡಲಿಲ್ಲ. ಅವಳ ಹಿಂದೆ ನಿಂತವರೂ ಪೆನ್ನು ಹಿಡಿಯಲಿಲ್ಲ. ಮೊದಲು ಸಹಿ ಹಾಕಿದ ಇಬ್ಬರು "ನಮ್ಮದು ಹೊಡೆದುಹಾಕು" ಅಂತ ಕೂತರು. ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಸುದ್ದಿ ಆಯಿತು. ಎರಡು ವಾರದ ಮೇಲೆ ತಮಟೆ ಹೊಡೆಸಿ ಶಾಲೆಯ ಮುಂದೆ ನಿಜವಾದ ಗ್ರಾಮಸಭೆ ಕರೆದರು. ಮನೆಯ ಪಟ್ಟಿಯಲ್ಲಿ 11 ಹೆಸರು ಓದಿದರು. ಅದರಲ್ಲಿ ಎರಡು ಹೆಸರು ತಾರಸಿ ಮನೆ ಇದ್ದವರದು. ಜನ ಎದ್ದು ನಿಂತು ಹೇಳಿದ ಮೇಲೆ ಅವನ್ನು ತೆಗೆದರು. ಜೋಪಡಿಯಲ್ಲಿದ್ದ ಎರಡು ಮನೆಯವರ ಹೆಸರು ಸೇರಿತು.

ಎಲ್ಲವೂ ಸರಿಹೋಯಿತು ಅಂತ ನಾವು ಹೇಳುವುದಿಲ್ಲ. ಆ ಊರಿನಲ್ಲಿ ಪ್ಲಾಸ್ಟಿಕ್ ಹೊದಿಸಿದ ಗುಡಿಸಲಿನಲ್ಲಿ ಇರುವ ವಿಧವೆ ಒಬ್ಬಳಿದ್ದಾಳೆ. ಅವಳ ಹೆಸರನ್ನು ಎಲ್ಲರೂ ಕೂಗಿ ಹೇಳಿದರು. ಆದರೆ ಜಾಗದ ಕಾಗದ ಅವಳ ಹೆಸರಿಗೆ ಇರಲಿಲ್ಲ. ಮಾವನ ಹೆಸರಿನಲ್ಲಿತ್ತು. ಮಾವ ಸತ್ತು ಎಷ್ಟೋ ವರ್ಷ ಆಗಿದೆ. ಮೈದುನಂದಿರು ಸಹಿ ಕೊಡಲಿಲ್ಲ. ಜಾಗವಿಲ್ಲದವರಿಗೆ ನಿವೇಶನ ಕೊಡಬೇಕು ಅಂತ ಆ ಸಭೆಯಲ್ಲಿ ಬೇರೆ ಠರಾವು ಬರೆಸಿದರು. ನಾವು ಕೊನೆಯ ಸಲ ಆ ಊರಿಗೆ ಹೋದಾಗಲೂ ಅವಳು ಗುಡಿಸಲಿನಲ್ಲೇ ಇದ್ದಳು. ಆದ್ದರಿಂದ ಹೇಳುತ್ತೇವೆ: ಮನೆಗೆ ಅರ್ಜಿ ಹಾಕುವ ಮುಂಚೆ ಜಾಗದ ಕಾಗದ ಯಾರ ಹೆಸರಿನಲ್ಲಿದೆ ನೋಡಿಕೊಳ್ಳಿ. ಸತ್ತವರ ಹೆಸರಿನಲ್ಲಿ ಇದ್ದರೆ ಖಾತೆ ಬದಲಾವಣೆಗೆ ಈಗಲೇ ಓಡಾಡಿ. ಪಟ್ಟಿ ಬಂದ ಮೇಲೆ ಓಡಾಡಿದರೆ ಹೊತ್ತು ಮೀರುತ್ತದೆ.

ಇನ್ನೊಂದು ಮಾತು. "ಮನೆ ಮಂಜೂರಾಯಿತು" ಅಂತ ಕೇಳಿದ ಕೂಡಲೇ ಇರುವ ಗುಡಿಸಲು ಕಿತ್ತುಹಾಕುವವರನ್ನು ನೋಡಿದ್ದೇವೆ. ಹಣ ಒಂದೇ ಸಲ ಬರುವುದಿಲ್ಲ. ಕಂತಿನಲ್ಲಿ ಬರುತ್ತದೆ. ತಳಪಾಯ ಆಗಬೇಕು, ಫೋಟೋ ತೆಗೆಯಬೇಕು, ಆಮೇಲೆ ಹಣ. ಗೋಡೆ ಏಳಬೇಕು, ಮತ್ತೆ ಫೋಟೋ, ಮತ್ತೆ ಹಣ. ಚಾವಣಿಗೂ ಹಾಗೆಯೇ. ಫೋಟೋವನ್ನು ಮೊಬೈಲಿನಲ್ಲಿ ಆ ಜಾಗದ ಗುರುತು ಸೇರುವ ಹಾಗೆ ತೆಗೆಯುತ್ತಾರೆ. ಬೇರೆಯವರ ಮನೆ ತೋರಿಸಬಾರದು ಅಂತ ಹಾಗೆ ಮಾಡಿದ್ದು. ಒಳ್ಳೆಯದೇ. ಆದರೆ ಫೋಟೋ ತೆಗೆಯುವವರು ಬರುವುದು ತಡವಾದರೆ ಕಂತೂ ತಡ. ಮಳೆಗಾಲ ಬಂದರೆ ಅರ್ಧ ಗೋಡೆಯ ಮಧ್ಯೆ ಸಂಸಾರ ನಡೆಸಬೇಕು. ಮೀಟರ್ ಬಡ್ಡಿಗೆ ಸಾಲ ತಂದು ಚಾವಣಿ ಹಾಕಿಸಿ, ಆ ಬಡ್ಡಿ ತೀರಿಸಲು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರಿದ್ದಾರೆ. ಹೊಸ ಮನೆಗೆ ಬೀಗ ಹಾಕಿದೆ.

ಅದಕ್ಕೆ ಗುಡಿಸಲು ಕೀಳುವ ಮುಂಚೆ ಕಚೇರಿಗೆ ಹೋಗಿ ಕೇಳಿ. ಕಂತು ಎಷ್ಟು? ಯಾವ ಹಂತಕ್ಕೆ ಎಷ್ಟು? ಕಾರ್ಯಾದೇಶ ಬಂದಿದೆಯೇ? ಕಾರ್ಯಾದೇಶ ಅಂದರೆ ಕೆಲಸ ಶುರು ಮಾಡಿ ಅನ್ನುವ ಕಾಗದ. ಅದು ಕೈಗೆ ಬರುವವರೆಗೆ ಗುದ್ದಲಿ ಹಿಡಿಯಬೇಡಿ. ಈ ಮನೆಗಳನ್ನು ಹೆಚ್ಚಾಗಿ ಹೆಂಗಸರ ಹೆಸರಿಗೇ ಕೊಡುತ್ತಾರೆ. ಹಣ ಅವರ ಬ್ಯಾಂಕ್ ಖಾತೆಗೇ ಬರುತ್ತದೆ. ಹಾಗಾಗಿ ನಡುವೆ ಯಾರಿಗೂ ಕೈ ಬಿಸಿ ಮಾಡಬೇಕಾಗಿಲ್ಲ. ಯಾರಾದರೂ ಕೇಳಿದರೆ "ಚೀಟಿಯಲ್ಲಿ ಬರೆದು ಕೊಡಿ, ರಸೀದಿ ಕೊಡಿ" ಅನ್ನಿ. ಬರೆದು ಕೊಡುವವರನ್ನು ನಾವು ಇನ್ನೂ ಕಂಡಿಲ್ಲ.

ಮಕ್ಕಳ ವಿಷಯಕ್ಕೆ ಬರೋಣ.

ಅಂಗನವಾಡಿ ಶುರುವಾದದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಮೊದಲು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಶುರುವಾಯಿತು. ಈಗ ಊರೂರಲ್ಲೂ ಇದೆ. ಸಣ್ಣ ಮಕ್ಕಳಿಗೆ ಆಟ, ಪಾಠ, ಊಟ. ಗರ್ಭಿಣಿಯರಿಗೆ, ಬಾಣಂತಿಯರಿಗೆ ಪೌಷ್ಟಿಕ ಆಹಾರ. 2017ರಿಂದ ಮಾತೃಪೂರ್ಣ ಅಂತ ಬಿಸಿಯೂಟ ಕೊಡುವುದೂ ಶುರುವಾಯಿತು. ಅಂಗನವಾಡಿ ಕಾರ್ಯಕರ್ತೆ ಮಹಿಳಾ ಮತ್ತು ಮಕ್ಕಳ ಇಲಾಖೆಗೆ ಸೇರಿದವರು. ಅದಕ್ಕೆ ಕೆಲವು ಸದಸ್ಯರು "ಅದು ನಮ್ಮದಲ್ಲ, ಇಲಾಖೆಯದು" ಅಂತ ಕೈ ತೊಳೆದುಕೊಳ್ಳುತ್ತಾರೆ. ಜಾಗ ಕೊಡುವುದು ಯಾರು? ನಲ್ಲಿ ಹಾಕಿಸುವುದು ಯಾರು? ಅಂಗಳದಲ್ಲಿ ನಿಂತ ಕೊಳಚೆ ತೆಗೆಸುವುದು ಯಾರು? ಪಂಚಾಯಿತಿಯೇ. ಎಲ್ಲ ಮಕ್ಕಳೂ ಶಾಲೆಗೆ ಸೇರುವಂತೆ, ಎಲ್ಲ ಮಕ್ಕಳಿಗೂ ಚುಚ್ಚುಮದ್ದು ಬೀಳುವಂತೆ ನೋಡಿಕೊಳ್ಳುವುದು ಪಂಚಾಯಿತಿಯ ಕರ್ತವ್ಯ ಅಂತ ಕಾನೂನಿನಲ್ಲೇ ಬರೆದಿದೆ. ಬೇಕಾದರೆ ಮಾಡಿ, ಬೇಡವಾದರೆ ಬಿಡಿ ಅನ್ನುವ ಕೆಲಸ ಅಲ್ಲ.

ಇನ್ನೂ ಚಿಕ್ಕ ಕೂಸುಗಳನ್ನು ಏನು ಮಾಡುವುದು? ಕೂಲಿಗೆ ಹೋಗುವ ತಾಯಿ ಮರಕ್ಕೆ ಸೀರೆ ಕಟ್ಟಿ ಕೂಸು ಮಲಗಿಸುತ್ತಾಳೆ. ಇಲ್ಲವೇ ಏಳೆಂಟು ವರ್ಷದ ಅಕ್ಕನನ್ನು ಶಾಲೆ ಬಿಡಿಸಿ ಕಾವಲು ಕೂರಿಸುತ್ತಾಳೆ. ಒಂದು ಮಗುವನ್ನು ಕಾಯಲು ಇನ್ನೊಂದು ಮಗುವಿನ ಓದು ಹೋಯಿತು. ಇದಕ್ಕಾಗಿ ನಮ್ಮ ಸರ್ಕಾರ 2023ರಲ್ಲಿ ಕೂಸಿನ ಮನೆ ಅನ್ನುವ ಯೋಜನೆ ಹೇಳಿತು. 4,000 ಗ್ರಾಮ ಪಂಚಾಯಿತಿಗಳಲ್ಲಿ ತೆರೆಯುವುದು ಅಂತ. ನಮ್ಮ ಪಂಚಾಯಿತಿಯಲ್ಲಿ ಇದೆಯೇ? ಇದ್ದರೆ ಬಾಗಿಲು ತೆರೆದಿದೆಯೇ, ಬರೀ ಗೋಡೆಗೆ ಬಣ್ಣ ಬಳಿದು ಬಿಟ್ಟಿದ್ದಾರೆಯೇ? ಇದನ್ನು ಕೇಳಬೇಕಾದವರು ಸೀರೆ ಕಟ್ಟಿ ಕೂಸು ಮಲಗಿಸುವ ತಾಯಂದಿರೇ.

ಮಕ್ಕಳೂ ಕೇಳಬಹುದು. ಇದು ನಿಮಗೆ ಹೊಸದು ಅನ್ನಿಸಬಹುದು. ಕುಂದಾಪುರ ತಾಲೂಕಿನ ಕಡೆ 1995ರಲ್ಲೇ ಮಕ್ಕಳ ಪಂಚಾಯಿತಿಗಳು ಶುರುವಾದವು. 2006ರಲ್ಲಿ ಎಲ್ಲ ಗ್ರಾಮ ಪಂಚಾಯಿತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕು ಅಂತ ಸರ್ಕಾರ ಸುತ್ತೋಲೆ ಕಳಿಸಿತು. ಅಲ್ಲಿ ಮಕ್ಕಳು ಏನು ಕೇಳುತ್ತಾರೆ ಗೊತ್ತೇ? ದೊಡ್ಡವರಿಗೆ ಹೊಳೆಯದ್ದನ್ನು ಕೇಳುತ್ತಾರೆ. ಹಳ್ಳ ದಾಟಲು ಕಾಲುಸಂಕ ಬೇಕು. ಶಾಲೆಯ ಶೌಚಾಲಯಕ್ಕೆ ಚಿಲಕ ಬೇಕು. ದಾರಿಯಲ್ಲಿ ಕುಡಿದು ಕೂರುವವರಿಂದ ಭಯ ಆಗುತ್ತೆ. ಚಿಲಕಕ್ಕೆ ಎಷ್ಟು ದುಡ್ಡು ಬೇಕು? ಎಷ್ಟೋ ದೊಡ್ಡ ಹೆಣ್ಣುಮಕ್ಕಳು ಆ ಚಿಲಕ ಇಲ್ಲದ್ದಕ್ಕೇ ತಿಂಗಳಿಗೆ ಮೂರು ದಿನ ಶಾಲೆ ತಪ್ಪಿಸುತ್ತಾರೆ. ಮಕ್ಕಳ ಸಭೆ ಅಂದರೆ ಹಾಡು, ಹಾರ, ಬಿಸ್ಕತ್ತು ಹಂಚಿ ಕಳಿಸುವುದಲ್ಲ. ಅವರು ಕೇಳಿದ್ದನ್ನೂ ಪುಸ್ತಕದಲ್ಲಿ ಬರೆಯಬೇಕು. ಮುಂದಿನ ಸಭೆಯಲ್ಲಿ ಏನಾಯಿತು ಅಂತ ಅವರಿಗೇ ಹೇಳಬೇಕು.

ಬೀದಿ ದೀಪ, ಚರಂಡಿ, ಕಸ, ಕಂದಾಯ. ಇವನ್ನು ಚಿಕ್ಕದಾಗಿ ಹೇಳುತ್ತೇವೆ. ಪಂಚಾಯಿತಿಗೆ ಸ್ವಂತ ಆದಾಯ ಅಂದರೆ ಮುಖ್ಯವಾಗಿ ಮನೆ ಕಂದಾಯ, ನೀರಿನ ಕಂದಾಯ. "ದೀಪ ಉರಿಯಲ್ಲ, ನಾನ್ಯಾಕೆ ಕಟ್ಟಲಿ?" ಅನ್ನುತ್ತಾರೆ ಜನ. "ಕಂದಾಯ ಬರಲ್ಲ, ಬಲ್ಬು ಎಲ್ಲಿಂದ ತರೋಣ?" ಅನ್ನುತ್ತದೆ ಪಂಚಾಯಿತಿ. ಕೋಳಿ ಮೊದಲೋ ಮೊಟ್ಟೆ ಮೊದಲೋ ಅನ್ನುವ ಹಾಗೆ. ಕಟ್ಟಿಬಿಡಿ. ರಸೀದಿ ಕೈಯಲ್ಲಿದ್ದರೆ ಕೇಳುವ ದನಿ ತಾನಾಗಿ ಗಟ್ಟಿಯಾಗುತ್ತೆ.

ಕಸದ ಬಗ್ಗೆ ಒಂದು ಮಾತು ಹೇಳದೆ ಬಿಡುವುದಿಲ್ಲ. ಕಸ ಸುರಿಯುವ ಜಾಗ ವಾಸದ ಮನೆಗಳಿಂದ ದೂರ ಇರಬೇಕು ಅಂತ ಕಾನೂನು ಇದೆ. ಹಾಗಿದ್ದರೂ ಅದು ಕೇರಿಯ ಪಕ್ಕಕ್ಕೇ ಯಾಕೆ ಬಂದು ಕೂರುತ್ತದೆ? ಕೇರಿಯ ಮನೆಗಳು ವಾಸದ ಮನೆಗಳಲ್ಲವೇ? ಹಾಗೆ ಠರಾವು ಆಗುವ ದಿನ ಕೇರಿಯ ಸದಸ್ಯರು ಸಭೆಯಲ್ಲಿ ಇದ್ದರೇ? ಇದ್ದರೆ ಅವರ ಮಾತು ಪುಸ್ತಕದಲ್ಲಿ ಇದೆಯೇ? ಪಂಚಾಯಿತಿಯಲ್ಲಿ ಸಾಮಾಜಿಕ ನ್ಯಾಯ ಸಮಿತಿ ಅಂತ ಒಂದಿದೆ. ಅದು ಬರೀ ಬೋರ್ಡಿನ ಮೇಲೆ ಇರಲು ಮಾಡಿದ್ದಲ್ಲ.

ಈ ಪುಸ್ತಕವನ್ನು ನಮಗೆ ತೋರಿಸುತ್ತಾರೆಯೇ ಅಂತ ಕೇಳುತ್ತೀರಿ. ಮೊದಲು ಬಾಯಲ್ಲಿ ಕೇಳಿ. ಒಳ್ಳೆಯ ಪಿಡಿಓಗಳು ಇದ್ದಾರೆ, ಕರೆದು ಕೂರಿಸಿ ತೋರಿಸುತ್ತಾರೆ. ತೋರಿಸದಿದ್ದರೆ 2005ರ ಮಾಹಿತಿ ಹಕ್ಕು ಕಾನೂನು ಇದೆ. 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಟ್ಟರೆ 30 ದಿನದ ಒಳಗೆ ಉತ್ತರ ಕೊಡಬೇಕು. ಬಡತನ ರೇಖೆಗಿಂತ ಕೆಳಗೆ ಇರುವವರಿಗೆ ಶುಲ್ಕ ಇಲ್ಲ. ಆಮೇಲೆ ವರ್ಷಕ್ಕೊಂದು ಸಲ ಜಮಾಬಂದಿ ಇರುತ್ತದೆ, ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ. ಅವತ್ತು ಪಂಚಾಯಿತಿಯ ಲೆಕ್ಕವನ್ನು ಎಲ್ಲರ ಮುಂದೆ ಇಡಬೇಕು. ಮಾಡಿದ ಕಾಮಗಾರಿಯನ್ನು ಹೋಗಿ ನೋಡಬಹುದು. ಪುಸ್ತಕದಲ್ಲಿ ಚರಂಡಿ ಇದೆ, ಬೀದಿಯಲ್ಲಿ ಚರಂಡಿ ಇಲ್ಲ ಅಂದರೆ ಅವತ್ತು ಅಲ್ಲೇ ತೋರಿಸಬಹುದು.

ಇವತ್ತಿನ ಬರವಣಿಗೆ ಪಾಠ ಇದೇ. ಎಲ್ಲರೂ ಹಾಳೆ ತೆಗೆಯಿರಿ. ಒಂದು ಅರ್ಜಿ ಬರೆಯೋಣ. ನಾವು ಹೇಳುತ್ತೇವೆ, ನೀವು ಬರೆಯಿರಿ. ನಿಮ್ಮ ಬೀದಿಗೆ ಏನು ಬೇಕೋ ಅದನ್ನು ನೀವೇ ಸೇರಿಸಿ.

"ಅಧ್ಯಕ್ಷರು, ಗ್ರಾಮ ಪಂಚಾಯಿತಿ, ಇವರಿಗೆ. ಮಾನ್ಯರೇ, ನಮ್ಮ ಬೀದಿಯ ಅಂಗನವಾಡಿಗೆ ನೀರಿನ ನಲ್ಲಿ ಇಲ್ಲ. ಕಾರ್ಯಕರ್ತೆಯವರು ಕೊಡದಲ್ಲಿ ನೀರು ಹೊರುತ್ತಿದ್ದಾರೆ. ಈ ವಿಷಯವನ್ನು ಮುಂದಿನ ಸಭೆಯಲ್ಲಿ ಇಟ್ಟು, ಆದ ತೀರ್ಮಾನವನ್ನು ನಮಗೆ ಬರೆದು ತಿಳಿಸಬೇಕೆಂದು ಕೋರುತ್ತೇವೆ."

ಕೆಳಗೆ ತಾರೀಕು ಹಾಕಿ. ಒಬ್ಬರ ಸಹಿ ಸಾಲದು, ಬೀದಿಯ ಹತ್ತು ಜನ ಸಹಿ ಹಾಕಿ. ಎರಡು ಪ್ರತಿ ಬರೆಯಿರಿ. ಒಂದನ್ನು ಕಚೇರಿಗೆ ಕೊಡಿ. ಇನ್ನೊಂದರ ಮೇಲೆ ಸೀಲು ಹೊಡೆಸಿ, ತಾರೀಕು ಬರೆಸಿ ಮನೆಗೆ ತನ್ನಿ. ರೇಷನ್ ಕಾರ್ಡಿನ ಜೊತೆ ಇಡಿ. ಕಚೇರಿಯವರು ಕೊಡುವ ಬರಹದ ಉತ್ತರಕ್ಕೆ ಹಿಂಬರಹ ಅನ್ನುತ್ತಾರೆ. ಹಿಂಬರಹ ಬಂದರೆ ಇಲ್ಲಿಗೆ ತನ್ನಿ, ಎಲ್ಲರೂ ಕೂತು ಓದೋಣ. ತಿಂಗಳಾದರೂ ಬರದಿದ್ದರೆ ಸೀಲು ಹೊಡೆದ ಪ್ರತಿ ಹಿಡಿದು ಮತ್ತೆ ಹೋಗಿ. ಒಬ್ಬರೇ ಹೋಗಬೇಡಿ, ಸಹಿ ಹಾಕಿದ ಹತ್ತು ಜನವೂ ಹೋಗಿ.